ಹಳದಿ ಗೆರೆಯ ಎಂಜಿನ್

ಉಬಿ, ಸಿಂಗಪುರ
18 ಆಗಸ್ಟ್ 2024

ವಿದ್ಯಾಶ್ರೀ,

ಫೋನಿನಲ್ಲಿ ಮಾತು ಬೇಡ, ಹೇಳುವುದಿದ್ದರೆ ಬರೆಯಲಿ, ಬರೆಯುವಾಗಲಾದರೂ ಅಪ್ಪ ನಡುವೆ ಬಾಯಿ ಹಾಕುವುದಿಲ್ಲ ಎಂದು ನಿನ್ನ ಅವ್ವನ ಹತ್ತಿರ ಹೇಳಿದೆಯಂತೆ. ಆದ್ದರಿಂದ ಬರೆಯುತ್ತಿದ್ದೇನೆ. ವರ್ಕ್‌ಶಾಪಿನ ಮೇಜಿನ ಮೇಲೆ ಕಾಗದ ಇಟ್ಟರೆ ಎಲ್ಲಿಂದಲೋ ಗ್ರೀಸ್ ಹತ್ತುತ್ತದೆ. ಮೂಲೆಯಲ್ಲಿರುವ ಕಲೆ ಅದು.

ನೀನು ಇಟಲಿಯ ಬ್ರೆಶಾಗೆ ಕೆಲಸಕ್ಕೆ ಹೋದ ಮೇಲೆ ಕ್ವೆಕ್ ಅವರ ಆಲ್ಫಾ ಕಾರು ಹಾಗೇ ನಿಂತಿದೆ. ಅಲ್ಯೂಮಿನಿಯಂ ಮೈಯನ್ನು ಕೂರಿಸಿಯಾಗಿದೆ. ಬಾಗಿಲು ಮುಚ್ಚಿದರೆ ಡಬ್ಬಿಯ ಮುಚ್ಚಳದ ಸದ್ದು ಬರುತ್ತದೆ, ಹಾಗೆಯೇ ಬರಬೇಕು. ನಿನ್ನ ಜಾಗಕ್ಕೆ ನಾಗೇಶ ಎಂಬವನು ಬಂದಿದ್ದಾನೆ. ಬಹಳ ವರ್ಷ ಬಸ್ ಕಂಪನಿಯಲ್ಲಿ ಇದ್ದವನು, ನನ್ನ ವಯಸ್ಸಿಗೆ ಹತ್ತಿರ. ಮೊದಲ ದಿನ ಎಂಜಿನ್ ನೋಡಿ ಕೇಳಿದ, "ಸಾರ್, ಪ್ರತಿ ನಟ್ ಮೇಲೂ ಈ ಯಲ್ಲೋ ಲೈನ್ ಏನಕ್ಕೆ?" ಕಟ್ಟಿದವರು ಗೆರೆ ಎಳೆಯುವುದು ನಮ್ಮಲ್ಲಿನ ಪದ್ಧತಿ, ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ, ನನ್ನದು ಬಿಳಿ ಎಂದೆ. ಹಳದಿ ಯಾರದು ಎಂದು ಅವನು ಕೇಳಲಿಲ್ಲ.

ಒಂದು ವಿಷಯ. ಮೊನ್ನೆ ಪ್ಲಗ್ಗುಗಳನ್ನು ತೆಗೆದು, ಮುಂದಿನ ಹಿಡಿಕೆ ಹಾಕಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ನೋಡಿದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ, ಸೂಪರ್‌ಚಾರ್ಜರಿನೊಳಗೆ, ಏನೋ ಸವರಿದ ಹಾಗಾಗುತ್ತದೆ. ಕಿವಿಗಿಂತ ಹೆಚ್ಚಾಗಿ ಕೈಗೆ ತಿಳಿಯುತ್ತದೆ. ಕ್ವೆಕ್ ಡಿಸೆಂಬರಿನಲ್ಲಿ ತಮ್ಮ ಹಳೆ ಕಾರುಗಳ ಕ್ಲಬ್ಬಿನವರನ್ನೆಲ್ಲ ಕರೆದು ಮೊದಲ ಸ್ಟಾರ್ಟ್ ಮಾಡಿಸಬೇಕೆಂದಿದ್ದಾರೆ. ಅದಕ್ಕೆ ಮೊದಲು ಒಮ್ಮೆ ಒಳಗೆ ನೋಡುವುದು ಒಳ್ಳೆಯದು.

ಬಿಚ್ಚಲೆ?

ಅಪ್ಪ


ಬ್ರೆಶಾ
5 ಸೆಪ್ಟೆಂಬರ್ 2024

ಅಪ್ಪಾ,

ಬಿಚ್ಚಬೇಡಿ.

ಇಷ್ಟೇ ಬರೆದು ಕಳಿಸಬೇಕೆಂದಿದ್ದೆ. ಅಷ್ಟಕ್ಕೇ ಅಂಚೆ ಚೀಟಿ ಹಚ್ಚುವುದು ದಂಡ ಅನ್ನಿಸಿತು.

ಆ ಸದ್ದು ಹೊಸ ಆಯಿಲ್ ಸೀಲಿನದು. ಸ್ವಲ್ಪ ಓಡಿದರೆ ಹೋಗುತ್ತದೆ. ಸೂಪರ್‌ಚಾರ್ಜರಿನ ಎರಡು ರೋಟರುಗಳು ಒಂದಕ್ಕೊಂದು ತಾಗದೆ, ಗೋಡೆಗೂ ತಾಗದೆ ತಿರುಗುವ ಹಾಗೆ ಮಾಡುವುದಕ್ಕೆ ನನಗೆ ಇಡೀ ಏಪ್ರಿಲ್ ಹಿಡಿದಿದೆ. ನೀವು ದಿನವೂ ಬಂದು ಹಿಂದೆ ನಿಂತು, ಏನೂ ಹೇಳದೆ ಹೋಗುತ್ತಿದ್ದಿರಿ. ಸರಿಯಾಗಿದೆ ಎಂದು ಅದರ ಅರ್ಥ ಅಂದುಕೊಂಡಿದ್ದೆ.

ಆಮೇಲೆ ಜೂನ್‌ನ ಆ ಶನಿವಾರ. ಕ್ವೆಕ್ ಅಂಕಲ್ ಜನರನ್ನು ಕರೆದುಕೊಂಡು ಬಂದಾಗ ನಾನು ಕಾರಿನ ಆಚೆ ಬದಿಯಲ್ಲಿ ಸ್ಟೂಲ್ ಹಾಕಿಕೊಂಡು ವಾಲ್ವುಗಳ ಗ್ಯಾಪ್ ಹೊಂದಿಸುತ್ತಿದ್ದೆ. ಎಂಜಿನ್ ಕಟ್ಟಿದ್ದು ಯಾರು ಎಂದು ಒಬ್ಬರು ಕೇಳಿದರು. "ಐ ಬಿಲ್ಟ್ ಇಟ್" ಎಂದಿರಿ. "ಎವ್ರಿ ನಟ್" ಎಂದೂ ಸೇರಿಸಿದಿರಿ. ಆ ಹೊತ್ತಿಗೆ ನನ್ನ ಕೈಯಲ್ಲಿ ಹಳದಿ ಬಣ್ಣದ ಕುಂಚ ಇತ್ತು. ನಾನಿರುವುದು ಮರೆತು ಹೇಳಿದಿರೋ, ನೆನಪಿದ್ದೇ ಹೇಳಿದಿರೋ? ಎರಡರಲ್ಲಿ ಯಾವುದು ವಾಸಿ ಎಂದು ಇನ್ನೂ ಗೊತ್ತಾಗಿಲ್ಲ.

ಒಂದೇ ಒಂದು ಹಳದಿ ಗೆರೆ ಮುರಿದರೂ ಆ ಬೆಂಚಿಗೆ ನಾನು ಮತ್ತೆ ಬರುವುದಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಊಟ ಆದ ಮೇಲೆ ಬರೆಯುತ್ತಿದ್ದೇನೆ.

ವಿದ್ಯಾಶ್ರೀ


ಮನೆ, ಯಿಶುನ್
22 ಸೆಪ್ಟೆಂಬರ್ 2024

ವಿದ್ಯಾಶ್ರೀ,

ಬಿಚ್ಚುವುದಿಲ್ಲ.

ಜೂನ್ ಬಗ್ಗೆ ನೀನು ಬರೆದದ್ದನ್ನು ಓದಿದೆ.

ಗದಗಿನಿಂದ ಅಜ್ಜಿ ಬಂದಿದ್ದಾಳೆ. ಚಳಿಗಾಲ ಮುಗಿಯುವವರೆಗೆ ಇರುತ್ತಾಳೆ. ಇಲ್ಲಿ ಚಳಿಗಾಲವೇ ಇಲ್ಲ ಎಂದರೆ ಹಾಗಾದರೆ ಬೇಸಿಗೆ ಬರುವವರೆಗೆ ಎನ್ನುತ್ತಾಳೆ. ಸಂಜೆ ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ಕಿನ ಕಲ್ಲು ಬೆಂಚಿನ ಮೇಲೆ ಕೂತು ಚೀನೀ ಅಜ್ಜಿಯರ ಜೊತೆ ಮಾತಾಡುತ್ತಾಳೆ. ಯಾವ ಭಾಷೆಯಲ್ಲಿ ಎಂದು ನಾನು ವಿಚಾರಿಸಿಲ್ಲ.

ಆಲ್ಫಾ ತೋರಿಸಲು ಕರೆದುಕೊಂಡು ಹೋಗಿದ್ದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ತೊಂಬತ್ತು ವರ್ಷದ ಗಾಡಿ ಅಂತಿ. ಇದನ್ನ ಇಟಗೊಂಡು ಏನ ಮಾಡ್ತಾರೋ?"

"ಇದು ರೇಸ್ ಗೆದ್ದ ಜಾತಿ, ಅವ್ವ."

"ಇದಾ? ಇಷ್ಟ ಸಣ್ಣದು?"

ಹೇಳಿದೆ. 1930ರಲ್ಲಿ, ಈಗ ನಿನ್ನ ಮೊಮ್ಮಗಳು ಇರುವ ಊರಿನಿಂದಲೇ ಹೊರಟು, ರೋಮಿನವರೆಗೆ ಹೋಗಿ, ಅದೇ ಊರಿಗೆ ತಿರುಗಿ ಬರುವ ರೇಸ್. ಸಾವಿರ ಮೈಲಿ. ಊರೊಳಗಿನ ರಸ್ತೆ, ಘಾಟಿನ ರಸ್ತೆ, ಮಣ್ಣು, ಕತ್ತಲೆ ಎಲ್ಲ ಸೇರಿ. ಏಳು ಲೀಟರಿನ ಜರ್ಮನ್ ಕಾರು ಇತ್ತು. ಅದರ ಕಾಲುಭಾಗದ ಈ ಎಂಜಿನ್ನು ಗೆದ್ದಿತು. ಆ ರೇಸಿನಲ್ಲಿ ಸರಾಸರಿ ವೇಗ ಗಂಟೆಗೆ ನೂರು ಕಿಲೋಮೀಟರ್ ದಾಟಿದ್ದು ಅದೇ ಮೊದಲು.

"ದೊಡ್ಡ ಗಾಡಿ ಇದ್ದೂ ಇದು ಹ್ಯಾಂಗ ಗೆದ್ದೀತು?"

"ಹಗುರ ಇತ್ತು."

ಅಜ್ಜಿಗೆ ಅಷ್ಟು ಸಾಕಾಯಿತು. ನನಗೆ ಸಾಲದು. ಮನೆಗೆ ಬರುವ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ಬಲ ಬೇಕಾದಾಗ ಎಲ್ಲರೂ ಎಂಜಿನ್ನನ್ನು ದೊಡ್ಡದು ಮಾಡುತ್ತಿದ್ದ ಕಾಲ ಅದು. ಇದನ್ನು ಮಾಡಿದವನು ಸಣ್ಣದಾಗಿಯೇ ಉಳಿಸಿ, ಮುಂದೆ ಒಂದು ಸೂಪರ್‌ಚಾರ್ಜರ್ ಇಟ್ಟು ಹೆಚ್ಚು ಗಾಳಿ ಊಡಿಸಿದ. ವಾಲ್ವಿನ ತಲೆಯ ಮೇಲೆ ಹಲ್ಲಿರುವ ಎರಡು ಬಿಲ್ಲೆ, ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿದರೆ ಗ್ಯಾಪ್ ಸರಿಹೋಗುತ್ತದೆ. ರಸ್ತೆ ಬದಿಯಲ್ಲಿ ನಿಂತು ಮಾಡಬಹುದು. ಯಾರೋ ಒಬ್ಬ ಮೆಕ್ಯಾನಿಕ್ಕಿನ ಬೆರಳುಗಳನ್ನು ನೆನೆದು ಮಾಡಿದ ಹಾಗಿದೆ. ನಿನ್ನ ಬೆರಳು ಅಲ್ಲಿ ಸಲೀಸಾಗಿ ಹೋಗುತ್ತಿತ್ತು. ನನ್ನದು ಹೋಗುವುದಿಲ್ಲ.

ಅಪ್ಪ


ಉಬಿ
14 ಅಕ್ಟೋಬರ್ 2024

ವಿದ್ಯಾಶ್ರೀ,

ಇದನ್ನು ನೀನು ನಂಬುವುದು ಕಷ್ಟ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶುಕ್ರವಾರ ವರ್ಕ್‌ಶಾಪಿನಲ್ಲಿ ಖಂಡೇಪೂಜೆ ಮಾಡಿದೆವು. ಲೇತು, ಡ್ರಿಲ್ಲು, ಸ್ಪ್ಯಾನರುಗಳು, ಎಲ್ಲಕ್ಕೂ ಅಜ್ಜಿ ವಿಭೂತಿ ಹಚ್ಚಿದಳು. ಕೊನೆಗೆ ಆಲ್ಫಾ. ಎಂಜಿನ್ನಿಗೂ ಪೂಜೆಯಾಗಲೆಂದು ಬಾನೆಟ್ ತೆರೆದಿಟ್ಟಿದ್ದೆ. ಕಾರ್ಬ್ಯುರೇಟರಿನ ಬಾಯಿಯ ಮುಚ್ಚಳವನ್ನು ಪೂಜೆಗೆ ಹೊಳೆಯಲೆಂದು ನಾನೇ ತೆಗೆದು ಒರೆಸಲು ಇಟ್ಟಿದ್ದೆ.

ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ನಾಗೇಶನನ್ನು ಸ್ಟೀರಿಂಗ್ ಮುಂದೆ ಕೂರಿಸಿ ನಾನು ಹಿಂದಿನಿಂದ ತಳ್ಳಿದೆ. ಅಜ್ಜಿ ಪಕ್ಕದಲ್ಲಿ ನಿಂತು ಅಕ್ಷತೆ ಹಾಕುತ್ತಿದ್ದಳು. ಅಲ್ಲಿ ನೆಲ ಸ್ವಲ್ಪ ಇಳಿಜಾರು, ಗಾಡಿ ತಾನೇ ಉರುಳತೊಡಗಿತು. ನಾಗೇಶ ಮಧ್ಯದ ಪೆಡಲನ್ನು ಬಲವಾಗಿ ತುಳಿದ. ಬಸ್ಸುಗಳ ನಡುವೆ ಬದುಕಿದ ಮನುಷ್ಯ, ಮಧ್ಯದ್ದು ಬ್ರೇಕು ಎಂದು ಅವನ ಕಾಲಿಗೆ ಗೊತ್ತು. ಈ ಕಾರಿನಲ್ಲಿ ಬ್ರೇಕು ಬಲಕ್ಕಿದೆ, ಮಧ್ಯದ್ದು ಆಕ್ಸಿಲರೇಟರು. ಸೂಪರ್‌ಚಾರ್ಜರಿಗೆ ಹೋಗುವ ಕಾರ್ಬ್ಯುರೇಟರಿನ ಒಳಬಾಗಿಲು ಪೂರ್ತಿ ತೆರೆಯಿತು. ಅದೇ ಹೊತ್ತಿಗೆ ಅಜ್ಜಿಯ ಮುಷ್ಟಿಯೂ ಅದರ ಮೇಲೆಯೇ ತೆರೆಯಿತು. ಕಾರು ಹಳೆ ಟೈರುಗಳ ರಾಶಿಗೆ ಒರಗಿ ನಿಂತಿತು.

"ಬ್ರೇಕ್ ಹಿಡೀಲೇ ಇಲ್ಲ ಸಾರ್."

"ಅದು ಬ್ರೇಕಲ್ಲ."

"ಮಿಡ್ಲಲ್ಲಿ ಯಾರ್ ಸಾರ್ ಆಕ್ಸಿಲರೇಟರ್ ಇಡ್ತಾರೆ?"

"ಇಟಲಿಯವರು."

ನಾನು ಟಾರ್ಚ್ ಹಿಡಿದು ಬಗ್ಗಿ ನೋಡುವುದನ್ನು ಕಂಡು ಅಜ್ಜಿಗೆ ಸಿಟ್ಟು ಬಂತು. "ಅಕ್ಷತಿ ಬಿದ್ರ ಗಾಡಿ ಕೆಡತೈತೇನೋ? ನಿನ್ನ ಮದುವ್ಯಾಗ ಸೇರಗಟ್ಟಲೆ ಹಾಕೀವಿ, ನಿನಗೇನಾತು?" ನಿನ್ನ ಅವ್ವ ನಕ್ಕಳು.

ಸಣ್ಣ ಪೈಪು ಹಾಕಿ ವ್ಯಾಕ್ಯೂಮ್ ಹಿಡಿದೆವು. ಅರಿಷಿಣದ ಕೆಲವು ಕಾಳು ಬಂದವು. ಎಲ್ಲ ಬಂದವೋ, ರೋಟರುಗಳ ಕೆಳಗೆ ಇನ್ನೂ ಇವೆಯೋ, ಹೊರಗಿನಿಂದ ಕಾಣುವುದಿಲ್ಲ. ಅಲ್ಲಿರುವ ಸಂದಿ ಅಕ್ಕಿಕಾಳಿಗಿಂತ ಎಷ್ಟೋ ಕಿರಿದು. ಒಂದು ಕಾಳು ಉಳಿದು ಎಂಜಿನ್ ಸ್ಟಾರ್ಟ್ ಮಾಡಿದರೆ ನಿನ್ನ ಏಪ್ರಿಲ್ ಹೋಯಿತು.

ಈಗ ಬಿಚ್ಚಲೇಬೇಕು. ನಿನ್ನನ್ನು ಕೇಳದೆ ಬಿಚ್ಚುವುದಿಲ್ಲ.

ಅಜ್ಜಿ ಊರಿನಿಂದ ಒಣಗಿಸಿ ತಂದ ಬನ್ನಿ ಎಲೆ ಇದರೊಳಗಿದೆ. ಕೈಯಿಂದ ಕೈಗೆ ಕೊಡಬೇಕಾದದ್ದು.

ಅಪ್ಪ


ಬ್ರೆಶಾ
30 ಅಕ್ಟೋಬರ್ 2024

ಅಪ್ಪಾ,

ನೆವ ಚೆನ್ನಾಗಿದೆ. ಆಗಸ್ಟಿನಲ್ಲಿ ಬಿಚ್ಚಲೆ ಎಂದು ಕೇಳಿದಿರಿ, ಬೇಡ ಎಂದೆ. ಅಕ್ಟೋಬರಿನಲ್ಲಿ ಮುಚ್ಚಳ ತೆಗೆದಿತ್ತು, ಬಾನೆಟ್ ತೆರೆದಿತ್ತು, ನಾಗೇಶ ಅವರ ಕಾಲು ತಪ್ಪಿತು, ಅಜ್ಜಿಯ ಕೈ ಗುರಿಯಿಟ್ಟ ಹಾಗೆ ಅಲ್ಲಿಗೇ ಹೋಯಿತು. ಅಜ್ಜಿಯ ಹೆಸರು ಬಂದರೆ ನಾನು ಏನೂ ಅನ್ನಲಾರೆ ಎಂಬುದೂ ನಿಮಗೆ ಗೊತ್ತು.

ಚಿಕ್ಕಂದಿನಲ್ಲಿ ನಾನು ಡ್ರಾಯಿಂಗ್ ಮುಗಿಸಿ ಮಲಗಿದರೆ ಬೆಳಿಗ್ಗೆ ಅದರ ಗೆರೆಗಳು ನೆಟ್ಟಗಾಗಿರುತ್ತಿದ್ದವು. ನೆನಪಿದೆಯಾ? ಟೀಚರ್ "ಯುವರ್ ಫಾದರ್ ಡ್ರಾ ಒನ್, ಇಸ್ ಇಟ್?" ಎಂದು ಎಲ್ಲರೆದುರು ಕೇಳಿದ್ದರು.

ಹೋದ ವಾರ ಇಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನ ಯಜಮಾನರ ವ್ಯಾನಿನಲ್ಲಿ ಫ್ಯೂಟಾ ಘಾಟಿಗೆ ಹೋಗಿದ್ದೆ. ಆ ರೇಸಿನ ದಾರಿ. ಒಂದು ತಿರುವಿನಲ್ಲಿ ಇಳಿದು ನಿಂತೆ. ಕೆಳಗೆ ಮಂಜು. ವ್ಯಾನಿನ ಪವರ್ ಸ್ಟೀರಿಂಗಿನಲ್ಲೇ ನನ್ನ ತೋಳು ನೋಯುತ್ತಿತ್ತು. ಇದೇ ತಿರುವನ್ನು ಅವರು ಆ ತೆಳು ಟೈರಿನಲ್ಲಿ, ಮಳೆಯಲ್ಲಿ, ಪಕ್ಕದಲ್ಲಿ ಕೂತ ಮೆಕ್ಯಾನಿಕ್ಕನ್ನು ನಂಬಿ ದಾಟಿದ್ದರು. ನಂಬದೆ ದಾಟಲು ಆಗುತ್ತಿರಲಿಲ್ಲ ಎಂದು ಕಾಣುತ್ತದೆ.

ನೀವು ಹೇಗೂ ಬಿಚ್ಚುತ್ತೀರಿ. ಬಿಚ್ಚಿದ ಮೇಲೆ ಬಿಳಿ ಗೆರೆಯನ್ನೇ ಎಳೆಯಿರಿ. ಹಳದಿ ಮುಟ್ಟಬೇಡಿ.

ಬನ್ನಿ ತಲುಪಿದೆ.

ವಿದ್ಯಾಶ್ರೀ


ಉಬಿ
8 ಡಿಸೆಂಬರ್ 2024

ವಿದ್ಯಾಶ್ರೀ,

ನಿನ್ನೆ ಕ್ವೆಕ್ ಬಂದಿದ್ದರು. ಕೆಳಗಿನ ಕ್ಯಾಂಟೀನಿನಿಂದ ಎಲ್ಲರಿಗೂ ಕೋಪಿ ತರಿಸಿದರು. ಅವರು ಕೋಪಿ ಕೊಡಿಸಿದರೆ ಏನೋ ಇದೆ ಎಂದೇ ಅರ್ಥ. ಕ್ಲಬ್ಬಿನವರಿಗೆ ತಾರೀಖು ಹೇಳಿಯಾಗಿತ್ತು. ಯಾವಾಗ ಸ್ಟಾರ್ಟ್ ಎಂದು ಕೇಳಿದರು.

ಆಗುವುದಿಲ್ಲ ಎಂದೆ. ಒಳಗೆ ಅಕ್ಕಿ ಇದೆ ಎಂದೂ ಹೇಳಿದೆ. ಅವರು ನಗಲಿಲ್ಲ. ಅವರ ತಾಯಿಯೂ ಹೊಸ ಲಾರಿಯ ಮುಂದೆ ಊದುಬತ್ತಿ ಹಚ್ಚಿ ಅಕ್ಕಿ ಚೆಲ್ಲುತ್ತಿದ್ದರಂತೆ.

"ಸೋ ಓಪನ್ ಲಾ. ಟೇಕ್ ಔಟ್. ವಾಟ್ ಪ್ರಾಬ್ಲಮ್?"

ನಾನು ಬಿಚ್ಚುವ ಹಾಗಿಲ್ಲ, ಎಂಜಿನ್ ಕಟ್ಟಿದ್ದು ನನ್ನ ಮಗಳು, ಅವಳೇ ಬಿಚ್ಚಬೇಕು ಎಂದೆ.

"ಡಾಟರ್? ಲಾಸ್ಟ್ ಟೈಮ್ ಯು ಸೇ ಯು, ವಾಟ್. ಇನ್ ಫ್ರಂಟ್ ಆಫ್ ಎವ್ರಿಬಡಿ."

ಹೌದು, ಅಂದು ಹಾಗೆ ಹೇಳಿದೆ ಎಂದೆ. ನಾಗೇಶ ಕೋಪಿ ಲೋಟ ಹಿಡಿದುಕೊಂಡು ನಿಂತೇ ಇದ್ದ. ಹಳದಿ ಯಾರದು ಎಂಬುದು ಅವನಿಗೂ ಈಗ ಗೊತ್ತಾಯಿತು.

ಕ್ವೆಕ್ ಬಗ್ಗಿ ಎಂಜಿನ್ ನೋಡಿದರು. ಕಾರನ್ನು ಬೇರೆ ವರ್ಕ್‌ಶಾಪಿಗೆ ಒಯ್ಯುವುದಾಗಿ ಹೇಳಿದರು. ಒಯ್ಯಬಹುದು, ಆದರೆ ಆ ಗೆರೆಗಳನ್ನು ನನ್ನೆದುರಿಗೆ ಯಾರೂ ಮುರಿಯಬಾರದು ಎಂದೆ. ನನ್ನ ದನಿ ಸ್ವಲ್ಪ ಏರಿತ್ತು ಎಂದು ನಾಗೇಶ ಆಮೇಲೆ ಹೇಳಿದ.

ಕೊನೆಗೆ ಅವರೇ ದಾರಿ ಹುಡುಕಿದರು. ಮುಂದಿನ ಜೂನಿನಲ್ಲಿ ಬ್ರೆಶಾದಲ್ಲಿ ಹಳೆ ರೇಸಿನ ನೆನಪಿನ ಓಟಕ್ಕೆ ಕಾರನ್ನು ಕಳಿಸುವುದು ಇತ್ತಲ್ಲ. ಈಗಲೇ ಹಡಗಿಗೆ ಹಾಕೋಣ, ನಿನ್ನ ಮಗಳು ಅಲ್ಲೇ ಬಿಚ್ಚಲಿ ಎಂದರು. ನಿನ್ನ ವರ್ಕ್‌ಶಾಪಿನ ಯಜಮಾನರಿಗೆ ಅವರೇ ಫೋನ್ ಮಾಡುತ್ತಾರೆ.

ಕಾರ್ಬ್ಯುರೇಟರಿನ ಬಾಯಿಗೆ ಬಟ್ಟೆ ಕಟ್ಟಿ ಟೇಪ್ ಸುತ್ತಿದ್ದೇನೆ. ಅಜ್ಜಿ ಬಂದು ನೋಡಿ, "ಹೆಣ್ಣ ಕೂಸಿನ ಕಿವಿಗೆ ಹತ್ತಿ ಅರಳಿ ಇಟ್ಟಂಗ ಇಟ್ಟೀಯಲ್ಲೋ" ಎಂದಳು.

ಇಲ್ಲಿ ಕಟ್ಟಿದ ಎಂಜಿನ್ನಿನ ಮೊದಲ ಸದ್ದು ಉಬಿಯಲ್ಲಿ ಕೇಳದೆ ಇರುವುದು ಇದೇ ಮೊದಲು.

ಅಪ್ಪ


ಬ್ರೆಶಾ
16 ಮಾರ್ಚ್ 2025

ಅಪ್ಪಾ,

ಜನವರಿಯಲ್ಲೂ ಫೆಬ್ರವರಿಯಲ್ಲೂ ನಿಮಗೆ ಬರೆಯಲಿಲ್ಲ. ಕಾರು ಕಣ್ಣಿಗೆ ಬೀಳದೆ ಏನು ಬರೆದರೂ ತಪ್ಪಾಗುತ್ತಿತ್ತು.

ಈಗ ಬಂದಿದೆ. ಪೆಟ್ಟಿಗೆ ತೆರೆದ ಕೂಡಲೇ ಉಬಿಯ ವಾಸನೆ ಬಂತು. ಆಯಿಲ್, ಒದ್ದೆ ಕಾಂಕ್ರೀಟ್, ಅದರ ಮೇಲೆ ವಿಭೂತಿ. ನಾನು ಮೊದಲು ಲ್ಯಾಂಪ್ ಹಿಡಿದು ಗೆರೆಗಳನ್ನು ನೋಡಿದೆ. ಒಂದೊಂದಾಗಿ ಎಲ್ಲವನ್ನೂ. ಒಂದೂ ಮುರಿದಿರಲಿಲ್ಲ. ಅಳಿಸಿ ಮತ್ತೆ ಎಳೆದ ಗೆರೆಯೂ ಇರಲಿಲ್ಲ, ಅದನ್ನೂ ನೋಡಿದೆ. ಕ್ಷಮಿಸಿ, ನೋಡಿದೆ.

ಆಮೇಲೆ ಬಿಚ್ಚಿದೆ. ಅಕ್ಕಿ ಇತ್ತು. ಕೆಳಗಿನ ಮೂಲೆಯಲ್ಲಿ, ಹಳದಿಯಾಗಿ, ಯಾರೋ ಜೋಡಿಸಿಟ್ಟ ಹಾಗೆ. ಯಜಮಾನರು ಅಂಗೈಯಲ್ಲಿ ಹಾಕಿಕೊಂಡು "ರಿಸೊತ್ತೊ?" ಎಂದು ಇಲ್ಲಿನ ಅನ್ನದ ಅಡುಗೆಯ ಹೆಸರು ಹಿಡಿದು ಕೇಳಿದರು. ಅಜ್ಜಿಯ ಬಗ್ಗೆ ಹೇಳಿದೆ. ಅವರ ಊರಿನಲ್ಲೂ ಪಾದ್ರಿಗಳು ಬಂದು ಕಾರುಗಳಿಗೆ ತೀರ್ಥ ಚಿಮುಕಿಸುತ್ತಾರಂತೆ. ನೀರಾದರೆ ಒಣಗುತ್ತದೆ ಎಂದರು.

ಇನ್ನೊಂದು ವಿಷಯ ಇದೆ. ಇದನ್ನು ಬರೆಯದೆಯೂ ಇರಬಹುದಿತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ಬೇರಿಂಗಿನ ಹಿಂದೆ ಒಂದು ಶಿಮ್ ಇಲ್ಲ. ಕಾಗದದಷ್ಟು ತೆಳುವಾದ ಆ ತಗಡನ್ನು ನಾನು ಹಾಕಲು ಮರೆತಿದ್ದೆ. ರೋಟರು ಒಂದು ಬದಿಗೆ ಸರಿದು, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಗೋಡೆಗೆ ಸವರುತ್ತಿತ್ತು. ಉಜ್ಜಿದ ಗುರುತು ಕೂದಲಿನಷ್ಟಿದೆ. ಅದು ಸೀಲಿನ ಸದ್ದಾಗಿರಲಿಲ್ಲ. ಡಿಸೆಂಬರಿನಲ್ಲಿ ಸ್ಟಾರ್ಟ್ ಮಾಡಿದ್ದರೆ ಕ್ಲಬ್ಬಿನವರೆದುರಿಗೇ ಎರಡೂ ರೋಟರು ಹೋಗುತ್ತಿದ್ದವು.

ನಿಮಗೆ ಆಗಸ್ಟಿನಲ್ಲೇ ಗೊತ್ತಿತ್ತು. ಆದರೂ ಸ್ಪ್ಯಾನರ್ ಹಚ್ಚಲಿಲ್ಲ. ಡಿಸೆಂಬರಿನ ಪತ್ರದಲ್ಲಿ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ಶಿಮ್ ಹಾಕಿದೆ. ಹೊಸ ಗೆರೆ ಎಳೆದೆ. ನಿನ್ನೆ ಸ್ಟಾರ್ಟ್ ಮಾಡಿದೆವು. ಫೋನಿನಲ್ಲಿ ರೆಕಾರ್ಡ್ ಮಾಡಲು ಯಜಮಾನರು ಹೇಳಿದರು, ನಾನು ಮಾಡಲಿಲ್ಲ. ಫೋನಿನಲ್ಲಿ ಅದು ಯಾವುದೋ ಮಿಕ್ಸಿಯ ಹಾಗೆ ಕೇಳುತ್ತದೆ. ಮೊದಲು ಆರೂ ಸಿಲಿಂಡರ್ ಬೇರೆಬೇರೆ ಕೆಮ್ಮಿದವು. ಆಮೇಲೆ ಒಂದಾದವು. ಪೆಡಲ್ ಒತ್ತಿದಾಗ ಅದರ ಮೇಲೆ ಸಣ್ಣಗೆ ಒಂದು ಸೀಟಿ ಏರುತ್ತದೆ, ಅದು ಸೂಪರ್‌ಚಾರ್ಜರ್. ಸವರುವ ಸದ್ದು ಇಲ್ಲ. ನೀವು ಬಂದು ಕೇಳಬೇಕು.

ವಿದ್ಯಾ


ಬ್ರೆಶಾ
22 ಜೂನ್ 2025

ಅಪ್ಪಾ,

ನಿನ್ನೆ ಕಾರು ತಿರುಗಿ ಬಂತು. ಕ್ವೆಕ್ ಅಂಕಲ್ ಮುಖ ಕಪ್ಪಗೆ, ಕನ್ನಡಕದ ಜಾಗ ಮಾತ್ರ ಬಿಳಿ. ಇಳಿದ ಕೂಡಲೇ ಬೇಸತ್ತು ಹೇಳಿದ ಮಾತು: "ಮಿಡಲ್ ಪೆಡಲ್, ಸಿಯಾನ್ ಆಹ್. ಟೂ ಟೈಮ್ಸ್ ಐ ಆಲ್ಮೋಸ್ಟ್ ಡೈ." ನಾಗೇಶ ಅಂಕಲ್ಲಿಗೆ ತಿಳಿಸಿ, ಅವರಿಗೆ ಸಮಾಧಾನವಾದೀತು.

ನಾವು ವ್ಯಾನಿನಲ್ಲಿ ಹಿಂದೆಯೇ ಇದ್ದೆವು. ರೋಮಿನವರೆಗೂ, ಅಲ್ಲಿಂದ ಇಲ್ಲಿಗೂ. ಬಾನೆಟ್ ಎತ್ತಿದ್ದು ಆಯಿಲ್ ನೋಡಲು ಮಾತ್ರ. ಒಂದು ಊರಿನ ಚೌಕದಲ್ಲಿ ಹಾಗೆ ಎತ್ತಿದ್ದಾಗ ಕೋಲು ಹಿಡಿದ ಮುದುಕರೊಬ್ಬರು ಹತ್ತಿರ ಬಂದು ಕಿವಿಯನ್ನು ಎಂಜಿನ್ನಿಗೆ ಕೊಟ್ಟು ನಿಂತರು. ಆಮೇಲೆ ಕಟ್ಟಿದ್ದು ಯಾರು ಎಂದು ಕೇಳಿದರು. ಕ್ವೆಕ್ ಅಂಕಲ್ ನನ್ನ ಕಡೆ ಕೈ ತೋರಿಸಿದರು.

ಕಟ್ಟಿದ್ದು ನಾನು ಎಂದೆ. ನನ್ನ ಇಟಾಲಿಯನ್ ಅಷ್ಟಕ್ಕಷ್ಟೆ. ಆದರೂ ಸೇರಿಸಿದೆ: ಅದರಲ್ಲಿದ್ದ ನನ್ನ ತಪ್ಪನ್ನು ಕೇಳಿಸಿಕೊಂಡದ್ದು ನಮ್ಮ ತಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ. ಟೋಪಿ ತೆಗೆದರು.

ನಿಮ್ಮ ವಿದ್ಯಾ


ಉಬಿ
6 ಜುಲೈ 2025

ವಿದ್ಯಾ,

ನಿನ್ನ ಪತ್ರವನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. ಈಗ ಗದಗಿನಲ್ಲಿ ಸಿಕ್ಕವರಿಗೆಲ್ಲ, ತನ್ನ ಅಕ್ಷತೆ ಬಿದ್ದದ್ದರಿಂದಲೇ ಮೊಮ್ಮಗಳ ಗಾಡಿ ರೋಮಿಗೆ ಹೋಗಿ ಬಂತು ಎಂದು ಹೇಳುತ್ತಿದ್ದಾಳೆ. ಅಲ್ಲ ಎನ್ನಲು ನನ್ನ ಬಳಿ ಏನೂ ಇಲ್ಲ.

ಹೋದ ಶನಿವಾರ ಕ್ಲಬ್ಬಿನವರು ಬಂದಿದ್ದರು. ಹೋದ ವರ್ಷದ ಅದೇ ಮನುಷ್ಯ, ಅದೇ ಪ್ರಶ್ನೆ: ಆಲ್ಫಾದ ಎಂಜಿನ್ ಕಟ್ಟಿದ್ದು ಯಾರು? ನಾನು ಬಾಯಿ ತೆರೆಯುವ ಮೊದಲೇ ನಾಗೇಶ ಹೇಳಿದ, "ದಟ್ ಒನ್ ಅವರ್ ವಿದ್ಯಾಶ್ರೀ ಬಿಲ್ಟ್. ಯಲ್ಲೋ ಲೈನ್ ಮೀನ್ಸ್ ವಿದ್ಯಾಶ್ರೀ." ಕಾರೇ ಇಲ್ಲದ ಜಾಗವನ್ನು ತೋರಿಸಿ ಹೇಳಿದ. ಅವರೂ ಅಲ್ಲಿ ನೋಡಿದರು.

ಲಾನ್ಸಿಯಾ ಕಾರು ಒಂದು ಬಂದಿದೆ, ಯುದ್ಧಕ್ಕೆ ಮೊದಲಿನದೇ. ಎಂಜಿನ್ ತುಕ್ಕು ಹಿಡಿದು ಗಟ್ಟಿಯಾಗಿದೆ. ಇನ್ನೂ ಯಾರೂ ಕೈ ಹಚ್ಚಿಲ್ಲ.

ನಿನ್ನ ಹಳದಿ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ಹೊಸದು ತಂದು ಬೆಂಚಿನ ಮೇಲೆ ಇಟ್ಟಿದ್ದೇನೆ. ಮುಚ್ಚಳ ತೆಗೆದಿಲ್ಲ.

ಅಪ್ಪ